ಹಾಜಿ ಶುಕ್ರಿಯ ಪೆಟ್ಟಿಗೆಯ ಮೇಲೆ ಬಂದ ಅನುಮಾನ

ನಿಮ್ಮ ಮನೆಯೊಳಗೆ ಮಾತ್ರ ಆಡಿದ ಮಾತು ಮರುದಿನ ಬೀದಿಯಲ್ಲಿ ಓಡಾಡಿದರೆ ನೀವು ಮೊದಲು ಯಾರನ್ನು ಅನುಮಾನಿಸುತ್ತೀರಿ? ನಮ್ಮ ಕಟ್ಟಡದ ಉಮ್ಮು ವಗ್ದಿ ಅನುಮಾನಿಸಿದ್ದು ಒಂದು ಪೆಟ್ಟಿಗೆಯನ್ನು. ಎರಡು ಕೊಂಬಿನ, ಹಗಲೂ ರಾತ್ರಿ ಹಸಿರು ದೀಪ ಮಿಟುಕಿಸುವ ಪೆಟ್ಟಿಗೆ. ರೂಟರ್ ಅನ್ನುತ್ತಾರೆ. ಅದು ಮೂರನೆಯ ಮಹಡಿಯ ಹಾಜಿ ಶುಕ್ರಿಯ ಮನೆಯಲ್ಲಿದೆ.

ನಾನು ಹಸನೈನ್. ಅಲೆಕ್ಸಾಂಡ್ರಿಯಾದ ಕರ್ಮೂಜ್ ಬಡಾವಣೆಯಲ್ಲಿ, ಅದೇ ಕಟ್ಟಡದ ಕೆಳಗೆ, ಇಪ್ಪತ್ತಾರು ವರ್ಷದಿಂದ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕಸುಬಿನವರನ್ನು ಕರೆಯುವ ಹಾಗೆ ನನ್ನನ್ನು ಎಲ್ಲರೂ ಉಸ್ತಾ ಎನ್ನುತ್ತಾರೆ. ಯಾರ ಅಂಗಿಯ ಕಾಲರು ಎಷ್ಟು ಸವೆದಿದೆ ಎಂಬುದು ನನಗೆ ಗೊತ್ತು. ಗೊತ್ತಿರಬಾರದ ಕೆಲವು ಸಂಗತಿಗಳೂ ಗೊತ್ತಿದ್ದವು. ಅದನ್ನು ಮುಂದೆ ಹೇಳುತ್ತೇನೆ.

ಉಮ್ಮು ವಗ್ದಿ ಎರಡನೆಯ ಮಹಡಿಯ ವಿಧವೆ, ಬಟ್ಟೆ ಹೊಲಿಯುವವಳು. ಉಮ್ಮು ಎಂದರೆ ಅಮ್ಮ; ಮಗ ವಗ್ದಿ ಪೋರ್ಟ್ ಸೈದಿನ ಬಂದರಿನಲ್ಲಿ ಕೆಲಸಕ್ಕಿದ್ದಾನೆ. ಹಾಜಿ ಶುಕ್ರಿ ಟ್ರಾಮ್ ಕಂಡಕ್ಟರಾಗಿದ್ದು ನಿವೃತ್ತನಾದವನು, ಒಂಟಿ ಮನುಷ್ಯ, ಸದಾ ಮುಖ ಗಂಟು. ನಮ್ಮಲ್ಲಿ ಒಂದು ಮನೆಯವರು ಇಂಟರ್‌ನೆಟ್ ಹಾಕಿಸಿದರೆ ಮೇಲಿನವರೂ ಕೆಳಗಿನವರೂ ಅದರಿಂದಲೇ ತಂತಿ ಎಳೆದುಕೊಳ್ಳುವುದು ವಾಡಿಕೆ. ಹಾಜಿಯ ಪೆಟ್ಟಿಗೆಯಿಂದ ಹೊರಟ ಒಂದು ತಂತಿ ಮನ್ವರಿನೊಳಗೆ ಇಳಿದು ಉಮ್ಮು ವಗ್ದಿಯ ಅಡುಗೆಮನೆ ಕಿಟಕಿಯಲ್ಲಿದ್ದ ಇನ್ನೊಂದು ಚಿಕ್ಕ ಪೆಟ್ಟಿಗೆಯನ್ನು ಸೇರುತ್ತಿತ್ತು. ಮನ್ವರ್ ಎಂದರೆ ಕಟ್ಟಡದ ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಜಾಗ. ಎಲ್ಲರ ಅಡುಗೆಮನೆ ಕಿಟಕಿಯೂ ಅದರೊಳಕ್ಕೇ ತೆರೆಯುತ್ತದೆ.

ಕಳೆದ ವರ್ಷ ಉಮ್ಮು ವಗ್ದಿಗೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ತಂಗಿಯನ್ನು ನೋಡಿಬರುತ್ತೇನೆಂದು ಹೇಳಿ ಕೈರೋಗೆ ಹೋದಳು, ಡಾಕ್ಟರಮ್ಮನಿಗೆ ತೋರಿಸಿದಳು, ಪರೀಕ್ಷೆಗೆ ಕೊಟ್ಟು ಬಂದಳು. ಆಮೇಲಿನ ಮಾತುಕತೆಯೆಲ್ಲ ಫೋನಿನಲ್ಲಿ, ಮುಖ ನೋಡಿಕೊಂಡು. ಪರೀಕ್ಷೆಯಲ್ಲಿ ಏನು ಬಂತೆಂದು ಡಾಕ್ಟರಮ್ಮ ಗುರುವಾರ ಹೇಳುವುದಿತ್ತು. ಹೆದರಿಯಾನೆಂದು ಮಗನಿಗೂ ಅವಳು ತಿಳಿಸಿರಲಿಲ್ಲ.

ಅದೇ ವಾರದ ಸೋಮವಾರ ನಾಲ್ಕನೆಯ ಮಹಡಿಯಿಂದ ಪಾರಿವಾಳದ ಸಾರು ಬಂತು. ನಮ್ಮಲ್ಲಿ ಅದನ್ನು ಕಳಿಸುವುದು ಬಾಣಂತಿಗೆ, ಇಲ್ಲವೇ ಕಾಯಿಲೆ ಬಿದ್ದವರಿಗೆ. ಸಂಜೆ ಎದುರು ಮನೆಯವಳು ಬಂದು ಕೈ ಹಿಡಿದುಕೊಂಡು, "ದೇವರಿದ್ದಾನೆ, ಹೆದರ್ಬೇಡ" ಎಂದು ಕಣ್ಣೊರೆಸಿಕೊಂಡಳು.

ಮಂಗಳವಾರ ಬೆಳಿಗ್ಗೆ ಉಮ್ಮು ವಗ್ದಿ ಕತ್ತರಿ ಹಿಡಿದುಕೊಂಡೇ ನನ್ನ ಅಂಗಡಿಗೆ ಇಳಿದು ಬಂದಳು.

"ಉಸ್ತಾ ಹಸನೈನ್, ನನ್ನ ಗಂಟಿನ ವಿಷಯ ನಿನಗೂ ಗೊತ್ತಾ?"

"ಯಾವ ಗಂಟು?" ಅಂದೆ. ಅದು ಸುಳ್ಳು.

"ಡಾಕ್ಟರಮ್ಮನ್ನ ಬಿಟ್ರೆ ಯಾರೊಬ್ರಿಗೂ ಹೇಳಿಲ್ಲ ನಾನು. ಮತ್ತೆ ಬೀದಿಗೆ ಹೆಂಗೆ ಬಂತು? ಎಲ್ಲಾ ಆ ಮೇಲಿನವನ ಕೆಲಸ. ನನ್ನ ಮಾತೆಲ್ಲ ಅವನ ಪೆಟ್ಟಿಗೆ ಹಾದೇ ಹೋಗ್ಬೇಕಲ್ಲ? ಅಲ್ಲಿ ಕೂತು ಕೇಳ್ತಾನೆ."

"ಹಾಜಿ ಅಂಥವರಲ್ಲ."

"ಅಲ್ವಾ? ಕೇಳು ಹಂಗಾದ್ರೆ. ನಾನು ಡಾಕ್ಟರಮ್ಮನ ಹತ್ರ ಮಾತು ಶುರು ಮಾಡಿದ್ನೋ ಇಲ್ವೋ, ಮೇಲೆ ಧಡ್ ಅಂತ ಕಿಟಕಿ ಹಾಕ್ಕೋತಾನೆ. ಒಂದ್ಸಲ ಅಲ್ಲ, ಪ್ರತಿ ಸಲ! ಯಾಕೆ ಹೇಳು? ಒಳಗೆ ಹೋಗಿ ಪೆಟ್ಟಿಗೆಗೆ ಕಿವಿ ಕೊಡೋಕೆ!"

ನಾನು ಅಂಗಿಯ ಕಡೆ ಬಗ್ಗಿ ಇಸ್ತ್ರಿ ಮುಂದುವರಿಸಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಹಾಯೆನಿಸಿತು, ಅನುಮಾನ ಬೇರೆಯವರ ಮೇಲಿತ್ತಲ್ಲ. ಅವಳು ದಡದಡನೆ ಮೆಟ್ಟಿಲು ಹತ್ತಿದಳು. ಸ್ವಲ್ಪ ಹೊತ್ತಿಗೆ ಮನ್ವರಿನಲ್ಲಿ ಹಾಜಿಯ ದನಿ ಕೇಳಿಸಿತು.

"ಉಮ್ಮು ವಗ್ದಿ! ತಂತಿ ಯಾಕಮ್ಮ ಕತ್ತರಿಸ್ತೀಯ?"

"ನಿಮ್ಮ ಕಿವಿ ಕತ್ತರಿಸೋಕಾಗಲ್ವಲ್ಲ, ಅದಕ್ಕೆ!"

ಆ ದಿನವೂ ಮರುದಿನವೂ ಇಬ್ಬರು ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುವುದು, ಇನ್ನೊಬ್ಬರು ಕಾಲು ನೋಡುವುದು. ಕಟ್ಟಡದಲ್ಲಿ ಗುಸುಗುಸು ಎದ್ದಿತು. ಹಾಜಿಯಿಂದ ತಂತಿ ಎಳೆದುಕೊಂಡಿದ್ದ ಇನ್ನೆರಡು ಮನೆಯವರೂ ಪೆಟ್ಟಿಗೆಯ ದೀಪ ಕಂಡರೆ ಮಾತು ನಿಲ್ಲಿಸತೊಡಗಿದರು.

ಮೊದಲ ಮಹಡಿಯಲ್ಲಿ ಇನಾಸ್ ಎಂಬ ಹುಡುಗಿ ಇದ್ದಾಳೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಂಜಿನಿಯರು. ಉಮ್ಮು ವಗ್ದಿಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾಳೆ. ಬುಧವಾರ ಸಂಜೆ ಅವಳು ಉಮ್ಮು ವಗ್ದಿಯ ಮನೆಗೆ ಹೋದಳು. ಇಸ್ತ್ರಿಯಾದ ಬಟ್ಟೆ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ.

"ಖಾಲಾ, ತಂತಿ ಕತ್ತರಿಸಿಬಿಟ್ರಿ, ಸರಿ. ನಾಳೆ ಡಾಕ್ಟರ ಹತ್ರ ಹೆಂಗೆ ಮಾತಾಡ್ತೀರಿ?"

"ಮಾತಾಡಲ್ಲ. ಹಬ್ಬ ಕಳೀಲಿ, ನಾನೇ ಕೈರೋಗೆ ಹೋಗ್ತೀನಿ."

"ಹಬ್ಬಕ್ಕಿನ್ನೂ ಎರಡು ತಿಂಗಳಿದೆ! ಗಂಟು ಹಬ್ಬದ ತನಕ ಕಾಯುತ್ತಾ? ಮೊಬೈಲ್ ನೆಟ್ಟಲ್ಲಾದ್ರೂ ಮಾಡಿ."

"ಅದು ಗಾಳೀಲಿ ಹೋಗುತ್ತೆ. ಗಾಳೀಲಿ ಹೋಗೋದನ್ನ ಯಾರು ಬೇಕಾದ್ರೂ ಹಿಡೀಬಹುದು. ನಾನು ಯಾವುದನ್ನೂ ನಂಬಲ್ಲ."

ಇನಾಸ್ ವಾದ ಮಾಡಲಿಲ್ಲ. ಮೇಲೆ ಹೋಗಿ ಹಾಜಿಯನ್ನು ಒತ್ತಾಯ ಮಾಡಿ ಕರೆತಂದಳು. ಹಾಜಿ ಒಳಗೆ ಬರಲೊಲ್ಲದೆ ಹೊಸ್ತಿಲಲ್ಲೇ ನಿಂತ.

"ಖಾಲಾ, ಒಂದು ಕಾಗದದ ಮೇಲೆ ಒಂದು ಸಾಲು ಬರೀರಿ. ಏನಾದ್ರೂ ಬರೀರಿ, ಯಾರಿಗೂ ತೋರಿಸ್ಬೇಡಿ. ಆಮೇಲೆ ಅದನ್ನ ಮೂರು ತುಂಡು ಮಾಡಿ."

ಉಮ್ಮು ವಗ್ದಿ ಹಾಜಿಯ ಕಡೆ ಓರೆಗಣ್ಣಲ್ಲಿ ನೋಡಿ ಏನೋ ಬರೆದಳು, ಮೂರು ತುಂಡು ಮಾಡಿದಳು. ಒಂದೊಂದು ತುಂಡನ್ನೂ ಬಟ್ಟೆಯ ಚೂರಿನಲ್ಲಿಟ್ಟು ಸುತ್ತ ಹೊಲಿದುಬಿಡಲು ಇನಾಸ್ ಹೇಳಿದಳು. ಹೊಲಿಗೆ ಇವಳ ಕಸುಬು, ನಿಮಿಷದಲ್ಲಿ ಮುಗಿಯಿತು. ನಾನು ಬಟ್ಟೆಗೆ ಕಟ್ಟುವ ಚೀಟಿಗಳನ್ನೇ ಇಸಿದುಕೊಂಡು ಇನಾಸ್ ಪ್ರತಿಯೊಂದಕ್ಕೂ ಒಂದೊಂದು ಕಟ್ಟಿದಳು. ಅದರ ಮೇಲೆ ಯಾರಿಂದ, ಯಾರಿಗೆ, ಮೂರರಲ್ಲಿ ಎಷ್ಟನೆಯದು ಎಂದಷ್ಟೇ ಬರೆದಳು.

"ಈಗ ನಾನು ಕೈರೋ ಡಾಕ್ಟ್ರು. ಕೆಳಗೆ ಅಂಗಡಿ ಮುಂದೆ ನಿಂತಿರ್ತೀನಿ. ಹಾಜಿ, ನೀವೇ ಪೆಟ್ಟಿಗೆ. ಈ ಮೂರು ತುಂಡೂ ನಿಮ್ಮ ಕೈ ಹಾದೇ ಬರ್ಲಿ. ಯಾವ ದಾರಿ ಸಲೀಸೋ ಆ ದಾರೀಲಿ ಕಳಿಸಿ."

ಹಾಜಿ ಒಂದನ್ನು ಬಾಲ್ಕನಿಯ ಹಗ್ಗದ ಬುಟ್ಟಿಯಲ್ಲಿ ಇಳಿಬಿಡಲು ಉಮ್ಮು ವಗ್ದಿಗೇ ಕೊಟ್ಟ. ಒಂದನ್ನು ನನ್ನ ಕೈಗೆ ಕೊಟ್ಟ. ಇನ್ನೊಂದನ್ನು ತಾನೇ ಹಿಡಿದು ಮೆಟ್ಟಿಲಿಳಿದ. ಮೊದಲು ತಲುಪಿದ್ದು ಮೂರನೆಯ ನಂಬರಿನದು, ಆಮೇಲೆ ಒಂದನೆಯದು. ನನ್ನ ಕೈಲಿದ್ದದ್ದು ಕತ್ತಲು ಮೆಟ್ಟಿಲಲ್ಲಿ ಎಲ್ಲೋ ಬಿದ್ದುಹೋಗಿತ್ತು.

"ಖಾಲಾ!" ಇನಾಸ್ ಬೀದಿಯಿಂದ ಕೂಗಿದಳು. "ಎರಡನೇ ನಂಬರಿಂದು ಬಂದಿಲ್ಲ. ಅದೊಂದನ್ನೇ ಮತ್ತೆ ಬರ್ದು ಕಳಿಸಿ!"

ಬುಟ್ಟಿಯಲ್ಲಿ ಅದೂ ಇಳಿಯಿತು. ಇನಾಸ್ ಮೂರನ್ನೂ ಹಿಡಿದು ಮೇಲೆ ಬಂದಳು. ನಾವೂ ಹಿಂದೆಯೇ ಹತ್ತಿದೆವು, ಹಾಜಿ ಮತ್ತೆ ಹೊಸ್ತಿಲಲ್ಲೇ ನಿಂತ.

"ನೀವು ಫೋನಲ್ಲಿ ಆಡೋ ಮಾತೂ ಹಿಂಗೇ ಹೋಗೋದು. ಚೂರುಚೂರಾಗಿ, ಒಂದೊಂದಕ್ಕೂ ವಿಳಾಸ, ನಂಬರು. ನಿಮ್ಮ ಫೋನಿಂದ ಚಿಕ್ಕ ಪೆಟ್ಟಿಗೆಗೆ, ಅಲ್ಲಿಂದ ಹಾಜಿ ಪೆಟ್ಟಿಗೆಗೆ, ಅಲ್ಲಿಂದ ನಮ್ಮ ಎಕ್ಸ್‌ಚೇಂಜಿಗೆ, ನೆಲದಡಿ ತಂತೀಲಿ ಕೈರೋಗೆ. ಆ ಕಡೆ ಎಲ್ಲಾ ಸಾಲಾಗಿ ಜೋಡ್ಕೊಳ್ಳುತ್ತೆ. ಹಾಜಿ, ನಿಮ್ಮ ಕೈ ಹಾದು ಹೋಯ್ತಲ್ಲ, ಒಳಗೇನಿತ್ತು ಹೇಳಿ ನೋಡೋಣ."

"ಹೊಲಿಗೆ ಬಿಚ್ಚದೆ ಹೆಂಗೆ ಹೇಳ್ಲಮ್ಮ? ಯಾರಿಂದ, ಯಾರಿಗೆ, ಎಷ್ಟು ದಪ್ಪ, ಯಾವಾಗ ಹೋಯ್ತು. ಅಷ್ಟೇ ಗೊತ್ತು."

"ಪೆಟ್ಟಿಗೆಗೂ ಹೆಚ್ಚುಕಮ್ಮಿ ಅಷ್ಟೇ ಗೊತ್ತಾಗೋದು. ಖಾಲಾ ಮಾತಾಡೋ ಆ್ಯಪಲ್ಲಿ ಈ ಹೊಲಿಗೆ ಇದೆ. ಅದನ್ನ ಬಿಚ್ಚೋ ಕೀಲಿ ಖಾಲಾ ಫೋನಲ್ಲಿ, ಡಾಕ್ಟರ ಫೋನಲ್ಲಿ ಮಾತ್ರ ಇರೋದು."

ಉಮ್ಮು ವಗ್ದಿ ಇನ್ನೂ ನಂಬಲಿಲ್ಲ. "ಏನು ಬರ್ದಿದೀನಿ ಅಂತ ಜೋಡಿಸಿ ಓದು ನೋಡೋಣ."

ಇನಾಸ್ ಹೊಲಿಗೆ ಬಿಚ್ಚಿ ಜೋಡಿಸಿದಳು. ಓದಿ, ತುಟಿ ಕಚ್ಚಿಕೊಂಡಳು. ಹಾಜಿ ಬಗ್ಗಿ ನೋಡಿದ. "ಹಾಜಿ ಶುಕ್ರಿ ಕದ್ದು ಕೇಳುವ ಕಳ್ಳ" ಎಂದಿತ್ತು.

"ನನ್ನ ಬೈಗುಳಾನ ನಾನೇ ಹೊತ್ಕೊಂಡು ಎರಡು ಮಹಡಿ ಮೆಟ್ಟಿಲು ಇಳಿದ್ನಾ?" ಹಾಜಿಯ ಮುಖ ಕೆಂಪಗಾಯಿತು. "ಮಂಡಿ ನೋವು ಬೇರೆ!"

"ಇರಿ ಹಾಜಿ, ನಿಮ್ಮದೂ ಒಂದಿದೆ" ಎಂದು ಇನಾಸ್ ಅವನ ಕಡೆ ತಿರುಗಿದಳು. "ಎಲ್ಲಾ ಕಡೆ ಈ ಹೊಲಿಗೆ ಇರಲ್ಲ. ಕೆಲವು ವೆಬ್‌ಸೈಟಲ್ಲಿ ವಿಳಾಸದ ಪಕ್ಕ ಬೀಗದ ಗುರುತೇ ಇರಲ್ಲ, ಅಲ್ಲಿ ಬರೆದದ್ದನ್ನ ದಾರೀಲಿ ಇರೋರು ಓದಬಹುದು. ನಿಮ್ಮ ಪೆಟ್ಟಿಗೆ ಪಾಸ್‌ವರ್ಡ್ ಯಾವುದು?"

"ಅಡೀಲಿ ಚೀಟಿ ಅಂಟಿಸಿದ್ದಾರಲ್ಲ, ಅದೇ."

"ಯಾರ್ಯಾರಿಗೆ ಕೊಟ್ಟಿದ್ದೀರಿ?"

"ಕಾಫಿ ಅಂಗಡಿಯವನು ಕೇಳ್ದ. ಕ್ಷೌರದವನು ಕೇಳ್ದ. ಕೇಳಿದವ್ರಿಗೆ ಇಲ್ಲ ಅನ್ನೋಕಾಗುತ್ತಾ?"

"ಮನೆ ಬೀಗದ ಕೈನ ಬೀದಿಗೆಲ್ಲ ಹಂಚ್ತೀರಾ? ಇವತ್ತೇ ಬದಲಾಯಿಸೋಣ."

ಆಗ ಉಮ್ಮು ವಗ್ದಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಸರಿ, ಪೆಟ್ಟಿಗೆ ಹೇಳ್ಲಿಲ್ಲ, ಹಾಜಿ ಹೇಳ್ಲಿಲ್ಲ. ಹಂಗಾದ್ರೆ ನನ್ನ ಮಾತು ಹೊರಗೆ ಹಾಕಿದ್ದು ಯಾರು?"

"ಖಾಲಾ, ಡಾಕ್ಟರ ಹತ್ರ ಎಲ್ಲಿ ನಿಂತು ಮಾತಾಡ್ತೀರಿ?"

"ಅಡುಗೆಮನೆ ಕಿಟಕೀಲಿ. ಚಿಕ್ಕ ಪೆಟ್ಟಿಗೆ ಇರೋದೇ ಅಲ್ಲಿ ತಾನೆ? ಒಳಗೆ ಹೋದ್ರೆ ಗೋಡೆ ದಪ್ಪ, ಡಾಕ್ಟರಮ್ಮನ ಮುಖ ಹಂಗೇ ನಿಂತ್ಹೋಗುತ್ತೆ."

"ಫೋನ್ ಕಿವಿಗಿಟ್ಕೊಂಡಾ?"

"ಇಲ್ಲಮ್ಮ. ಸ್ಪೀಕರ್ ಹಾಕಿ, ಪಾತ್ರೆ ತೊಳೀತಾ. ಕೊಳಾಯಿ ಸದ್ದಿಗೆ ಕೇಳಿಸಲ್ಲ ಅಂತ ಸ್ವಲ್ಪ ಜೋರಾಗಿ..."

ಎಲ್ಲರೂ ಮನ್ವರಿನ ಕಡೆ ನೋಡಿದರು. ನನ್ನ ಅಂಗಡಿಯ ಹಿಂದಿನ ಕಿಟಕಿ ತೆರೆಯುವುದೂ ಅದೇ ಮನ್ವರಿನ ಬುಡಕ್ಕೆ. ಭೂಮಿ ಬಾಯ್ಬಿಡಬಾರದೇ ಅನಿಸಿತು ನನಗೆ.

"ಉಮ್ಮು ವಗ್ದಿ, ಅದು ನಾನು" ಅಂದೆ. "ಹಿಂದಿನ ಕಿಟಕೀಲಿ ಕೇಳಿಸ್ತು. ಅತಿಯ್ಯಾತ್‌ಗೆ ಹೇಳ್ದೆ, ಪಾಪ ಅಂತ. ಹೆಂಡ್ತಿಗೆ ತಾನೇ ಅಂದ್ಕೊಂಡೆ. ಅವಳು ನಾಲ್ಕನೇ ಮಹಡಿಗೆ ಹೇಳಿದ್ಳು. ನಿನ್ನೆ ನೀನು ಕೇಳಿದಾಗ ಸುಳ್ಳು ಹೇಳ್ದೆ."

ಅವಳು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಸುಕಿನ ಅಂಚನ್ನು ಮುಖಕ್ಕೆ ಒತ್ತಿಕೊಂಡು ಕುರ್ಚಿಯಲ್ಲಿ ಕುಸಿದಳು. "ಗಂಡಸರೆಲ್ಲ ಕೇಳಿಸ್ಕೊಂಡ್ರಾ? ಅದನ್ನೆಲ್ಲಾ?"

"ನಾನು ಕೇಳಿಸ್ಕೊಳ್ಳಲಿಲ್ಲಮ್ಮ" ಅಂದ ಹಾಜಿ ಮೆಲ್ಲಗೆ. "ಮೊದಲನೇ ದಿನ 'ಡಾಕ್ಟರಮ್ಮ' ಅಂದಿದ್ದು ಕಿವಿಗೆ ಬಿತ್ತು. ಹೆಣ್ಣುಮಕ್ಕಳ ಮಾತು, ನಮಗ್ಯಾಕೆ ಅಂತ ಕಿಟಕಿ ಹಾಕ್ಕೊಂಡೆ. ಆಮೇಲೆ ಪ್ರತಿ ಸಲಾನೂ ಹಾಕ್ಕೊಂಡೆ. ಹಲಗೆ ಊದ್ಕೊಂಡಿದೆ, ಜೋರಾಗಿ ಎಳೀದೇ ಇದ್ರೆ ಮುಚ್ಚಲ್ಲ."

ಆಮೇಲೆ ಉಮ್ಮು ವಗ್ದಿ ಎದ್ದು, "ಹಾಜಿ, ಚಹಾ ಕುಡ್ಕೊಂಡೇ ಹೋಗಿ" ಅಂದಳು. ಅವಳ ಬಾಯಲ್ಲಿ ಕ್ಷಮೆ ಎಂದರೆ ಅದೇ. ಹಾಜಿ ಹೊಸ್ತಿಲು ದಾಟಿ ಒಳಗೆ ಬಂದ. ನನಗೆ ಚಹಾ ಸಿಗಲಿಲ್ಲ, ಕೇಳುವ ಮುಖವೂ ಇರಲಿಲ್ಲ.

ಆ ರಾತ್ರಿಯೇ ಹಾಜಿ ಉದ್ದದ ಹೊಸ ತಂತಿ ತಂದ. ಇನಾಸ್ ಚಿಕ್ಕ ಪೆಟ್ಟಿಗೆಯನ್ನು ಅಡುಗೆಮನೆಯಿಂದ ಎತ್ತಿ ಮಲಗುವ ಕೋಣೆಯಲ್ಲಿಟ್ಟಳು, ಎರಡೂ ಪೆಟ್ಟಿಗೆಗಳ ಪಾಸ್‌ವರ್ಡ್ ಬದಲಾಯಿಸಿದಳು, ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನ್ ಕೊಟ್ಟಳು.

ಗುರುವಾರ ಮಧ್ಯಾಹ್ನ ನಾನು ಹಿಂದಿನ ಕಿಟಕಿಯ ಹತ್ತಿರವೇ ಇಸ್ತ್ರಿ ಮಾಡುತ್ತಿದ್ದೆ. ಹೇಳಲು ನಾಚಿಕೆ, ನನ್ನ ಕಿವಿ ತಾನಾಗಿ ಮೇಲಕ್ಕೆ ಹೋಯಿತು. ಏನೂ ಕೇಳಿಸಲಿಲ್ಲ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಒಂದು ಬಿಳಿ ಅಂಗಿ ಸುಟ್ಟಿತು.

ಸಂಜೆ ಅವಳೇ ಅಂಗಡಿಗೆ ಬಂದು ಒಂದು ಉದ್ದನೆಯ ಹತ್ತಿ ನಿಲುವಂಗಿಯನ್ನು ಮೇಜಿನ ಮೇಲಿಟ್ಟಳು. "ನಾಳೆ ಸಂಜೆಯೊಳಗೆ ಬೇಕು. ಆಸ್ಪತ್ರೆಗೆ ತಗೊಂಡು ಹೋಗೋಕೆ. ಶನಿವಾರ ಆಪರೇಷನ್ನು. ಕೆಟ್ಟ ಗಂಟೇ ಅಂತೆ. ಚಿಕ್ಕದಿದ್ದಾಗ್ಲೇ ಸಿಕ್ಕಿದೆ, ಉಳೀತೀರಿ ಅಂದ್ರು. ಎರಡು ತಿಂಗಳು ಬಿಟ್ಟಿದ್ರೆ ಹಿಂಗೆ ಹೇಳೋಕಾಗ್ತಿರಲಿಲ್ಲವಂತೆ. ವಗ್ದಿಗೂ ಹೇಳ್ದೆ, ಬರ್ತಿದಾನೆ." ಸ್ವಲ್ಪ ತಡೆದು ನನ್ನ ಕಣ್ಣಿಗೆ ಕಣ್ಣಿಟ್ಟಳು. "ಈ ಸಲ ನಾನೇ ನಿನಗೆ ಹೇಳಿದೀನಿ, ಉಸ್ತಾ."

ನಾನು ಮನೆಗೆ ಹೋಗಿ ಬಾಯಿ ಬಿಡಲಿಲ್ಲ. ಈಗ ಅವಳು ಗುಣವಾಗಿ ಮತ್ತೆ ಹೊಲಿಗೆಗೆ ಕೂತಿದ್ದಾಳೆ. ಈ ಕಥೆಯನ್ನು ಅವಳಿಗೆ ಪೂರ್ತಿ ಓದಿಹೇಳಿ, ಒಪ್ಪಿಗೆ ಪಡೆದೇ ನಿಮಗೆ ಹೇಳುತ್ತಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ಗೊತ್ತಿಲ್ಲದ ತಂತಿಯ ಮೇಲೆ ಅನುಮಾನ ಪಟ್ಟು ಡಾಕ್ಟರ ಕರೆಯನ್ನು ಬಿಡಬೇಡಿ. ಅನುಮಾನ ಬಂದರೆ ಗೊತ್ತಿರುವವರನ್ನು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ನಿಮ್ಮ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿರುವ ಪಾಸ್‌ವರ್ಡನ್ನು ಇವತ್ತೇ ಬದಲಾಯಿಸಿ. ಗುಟ್ಟಿನದೇನಾದರೂ ಬರೆಯುವ ಮೊದಲು ಬೀಗದ ಗುರುತಿದೆಯೇ ನೋಡಿ, ಆದರೆ ಆ ಗುರುತು ದಾರಿಯನ್ನು ಮಾತ್ರ ಕಾಯುತ್ತದೆ. ಆ ಕಡೆ ಇರುವವರು ಯಾರೆಂದು ನೀವೇ ತಿಳಿದುಕೊಳ್ಳಬೇಕು. ಮನೆಯ ಮಾತನ್ನು ಒಳಗಿನ ಕೋಣೆಯಲ್ಲಿ, ಇಯರ್‌ಫೋನ್ ಹಾಕಿಕೊಂಡು, ಮೆಲ್ಲಗೆ ಆಡಿ. ಇನ್ನೊಬ್ಬರ ಮಾತು ನಿಮ್ಮ ಕಿವಿಗೆ ಬಿದ್ದರೆ ದಯವಿಟ್ಟು ಯಾರಿಗೂ ಹೇಳಬೇಡಿ, ಹೆಂಡತಿಗೂ ಕೂಡ. ನಾನು ಹೇಳಿದ ಒಂದು ಮಾತಿಗೆ ಒಂದು ಜೀವ ಹೋಗುವುದರಲ್ಲಿತ್ತು.