ಗುಡ್ಡದ ಮಣ್ಣಿಗೊಂದು ಜಾಗ

ಗುಡ್ಡ ಅಗೆಯುವುದೇನು ಮಹಾ ಕೆಲಸವಲ್ಲ. ಅಗೆದ ಮಣ್ಣನ್ನು ಎಲ್ಲಿ ಸುರಿಯುವುದು ಎಂಬುದೇ ತಲೆನೋವು. ಒಂದು ಲಾರಿ ಅದಿರಿಗೆ ಮೂರು ಲಾರಿ ಬೇಡದ ಮಣ್ಣು ಏಳುತ್ತದೆ. ಆ ಮಣ್ಣಿಗೆ ಜಾಗ ಹುಡುಕುವುದು ರಾಣೇಬೆನ್ನೂರಿನ ಗಣಿ ಆಫೀಸಿನಲ್ಲಿ ಸುಧಾರಾಣಿಯ ಪಾಲಿಗೆ ಬಂದಿತ್ತು. ೨೦೦೬ರಲ್ಲಿ ಹೊಸದಾಗಿ ತರಿಸಿದ ಸಾಫ್ಟ್‌ವೇರಿನಲ್ಲಿ ಗುಡ್ಡ ವರ್ಷವರ್ಷಕ್ಕೆ ಹೇಗೆ ಕರಗುತ್ತದೆ, ಮಣ್ಣಿನ ದಿಬ್ಬ ಹೇಗೆ ಬೆಳೆಯುತ್ತದೆ ಎಲ್ಲ ಮೊದಲೇ ನೋಡಬಹುದಿತ್ತು. ನೋಡಲು ಬಲು ಚೆಂದ.

ಸಾಫ್ಟ್‌ವೇರನ್ನು ಮೊದಲ ಸಲ ಓಡಿಸಿದಾಗ ಪರದೆಯ ಮೇಲೆ ದಿಬ್ಬದ ಬುಡ ಗುಡ್ಡದ ಕೆಳಗಿನ ಊರಲ್ಲಿದ್ದ ಅವಳ ಸೋದರತ್ತೆ ಗದಿಗೆವ್ವನ ಭಾವಿಯವರೆಗೆ ಬಂದು ನಿಂತಿತು. ಒಂದು ದೊಡ್ಡ ಮಳೆ ಬಂದರೆ ಸಾಕು, ಕೆಮ್ಮಣ್ಣೆಲ್ಲ ಭಾವಿಯೊಳಗೆ. ಆ ಭಾವಿ ಬಿಟ್ಟರೆ ಗದಿಗೆವ್ವನ ಮೆಣಸಿನ ಗಿಡಕ್ಕೆ ಬೇರೆ ನೀರಿಲ್ಲ. ಸುಧಾರಾಣಿ ಮಾಲೀಕ ಪ್ರಭುಲಿಂಗಪ್ಪನ ಮುಂದೆ ಹೋಗಿ ನಿಂತಳು.

"ಭಾವಿ ಉಳಸ್ರಿ, ಯಾರು ಬ್ಯಾಡಂದ್ರು? ಆದ್ರ ಲಾರಿ ಈಗಿನಕಿಂತ ದೂರ ಓಡಬಾರ್ದು," ಎಂದ ಅವನು. ಡೀಸೆಲ್ಲಿನ ಮಾತು ಬರುವ ತನಕ ಪ್ರಭುಲಿಂಗಪ್ಪ ದೇವರಂಥ ಮನುಷ್ಯ.

ಇಲ್ಲಿ ಮಣ್ಣು ಬೀಳಬಾರದೆಂದು ಅವಳು ಪರದೆಯ ಮೇಲೆ ಭಾವಿಯ ಸುತ್ತ ಕೆಂಪು ಗೆರೆ ಎಳೆದಳು. ಮಣ್ಣು ಹಳ್ಳಕ್ಕೆ ಸರಿಯಿತು. ಹಳ್ಳ ಮುಚ್ಚಿದರೆ ಊರ ಕೆರೆಗೆ ನೀರಿಲ್ಲ. ಅಲ್ಲಿಗೂ ಗೆರೆ ಎಳೆದಳು. ದಿಬ್ಬವನ್ನು ಎತ್ತರಿಸಿದರೆ ಕುಸಿಯುತ್ತದೆ ಎಂದಿತು ಸಾಫ್ಟ್‌ವೇರು. ಮಣ್ಣನ್ನು ಮಾಯ ಮಾಡುವ ವಿದ್ಯೆ ಮಾತ್ರ ಅದಕ್ಕೆ ಗೊತ್ತಿರಲಿಲ್ಲ. ಕೊನೆಗೆ ಎಲ್ಲ ಲೆಕ್ಕ ಹೊಂದಿದ್ದು ಗುಡ್ಡದ ಮೂಡಣ ಬದಿಗೆ, ಪ್ರೇಮವ್ವನ ಹೊಲದ ನೆತ್ತಿಯ ಮೇಲೆ. ಪ್ರೇಮವ್ವ ಗದಿಗೆವ್ವನ ನೆರೆಮನೆಯವಳು. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು, ಒಬ್ಬಳ ಮನೆಯ ಪಲ್ಯ ಇನ್ನೊಬ್ಬಳ ಗಂಗಾಳದಲ್ಲಿ.

ಭಾನುವಾರ ಸುಧಾರಾಣಿ ಆಫೀಸಿನ ಲ್ಯಾಪ್‌ಟಾಪ್ ಹೊತ್ತುಕೊಂಡು ಅತ್ತೆಯ ಮನೆಗೆ ಹೋಗಿ ತೋರಿಸಿದಳು.

"ನನ್ನ ಭಾವಿ ಉಳೀತು!" ಗದಿಗೆವ್ವ ಕೂಗಿಯೇಬಿಟ್ಟಳು. ಸೋದರಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು. ಆಮೇಲೆ ದಿಬ್ಬದ ಮೇಲೆ ಬೆರಳಿಟ್ಟು ಕೇಳಿದಳು: "ಇದರ ಬುಡಕ ಯಾರ ಹೊಲ ಐತಿ?"

"ಪ್ರೇಮವ್ವ ಚಿಗವ್ವಂದು."

"ಅಯ್ಯ, ಆಕಿಗೂ ಭಾವಿ ಐತಲ್ಲ! ಅದಕ್ಕೂ ಒಂದು ಗೆರಿ ಎಳಿಯವಾ."

"ಎಳದ್ರ ಮಣ್ಣು ತಿರುಗಿ ನಿನ್ನ ಭಾವಿಗೇ ಬರ್ತೈತಿ, ಅತ್ತಿ. ಬ್ಯಾರೆ ಜಾಗಾನ ಇಲ್ಲ."

ಗದಿಗೆವ್ವ ದಿಬ್ಬದ ಮೇಲಿಂದ ಬೆರಳು ತೆಗೆದಳು. ಅತ್ತೆ ಬೈಯಲಿ, ಇಂಥ ಹಾಳು ನೌಕರಿ ಬಿಟ್ಟು ಬಾ ಅನ್ನಲಿ ಎಂದು ಸುಧಾರಾಣಿ ಕಾದಳು. ಬೈದಿದ್ದರೆ ಅವಳ ಎದೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಪ್ರೇಮವ್ವನೇ ಬಾಗಿಲಿಗೆ ಬಂದಳು. "ಗದಿಗೆವ್ವಕ್ಕಾ, ನಿನ್ನ ಕೂಗು ನಮ್ಮ ಅಡಗಿ ಮನಿತನಕಾ ಕೇಳಸ್ತು. ಭಾವಿ ಉಳೀತಂತಲ್ಲ, ಚಲೋ ಆತು. ಏನವಾ ಸುಧಾ, ನಮ್ಮ ಹೊಲಕ್ಕೇನೂ ಆಗಂಗಿಲ್ಲಲ್ಲ?"

ಸುಧಾರಾಣಿ ಬಾಯಿ ತೆರೆದಳು. ಗದಿಗೆವ್ವ ಅವಳ ತೊಡೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು.

"ನಿಮ್ಮ ಹೊಲಕ್ಕೇನಾಗ್ತೈತಿ," ಗದಿಗೆವ್ವನೇ ಎಂದಳು. "ಬಾ, ಕುಂದರು, ಚಾ ಕುಡಿಯೂಣು."