ಎಡದಿಂದ ಮೂರನೆಯದು

"ಅಂಗಡಿ ಬಾಗಿಲಲ್ಲೇ 'ನಮ್ಮ ಸಾಮಾನು ಕೆಡತ್ತೆ' ಅಂತ ಬೋರ್ಡ್ ಹಾಕ್ತಾರೇನಮ್ಮಾ?"

ಮ್ಯಾನೇಜರ್ ಮಾತಿಗೆ ಸುತ್ತ ಕೂತವರೆಲ್ಲ ನಕ್ಕರು. ಅವಳೂ ನಕ್ಕಳು. ನಗದಿದ್ದರೆ ಎದ್ದು ಕಾಣುತ್ತಿತ್ತು.

ಕಿವಿಯಂತ್ರ ಮಾಡುವ ಆ ಕಂಪನಿಗೆ ಆರು ವೆಬ್‌ಸೈಟು. ಒಂದೊಂದು ವಿಭಾಗ ಒಂದೊಂದು ಕಾಲಕ್ಕೆ ಮಾಡಿಸಿಕೊಂಡದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿದ್ದವು. ಇನ್ನು ಮುಂದೆ ಎಲ್ಲಕ್ಕೂ ಒಂದೇ ನೀಲಿ, ಒಂದೇ ಲಾಂಛನ, ಮೇಲೆ ಅದೇ ಐದು ಬಟನ್. ಆ ಐದರಲ್ಲಿ 'ರಿಪೇರಿ' ಇರಲಿಲ್ಲ.

"ಸರ್, ನಾನು ನೋಡ್ಕೊಳೋ ಸೈಟಿಗೆ ಬರೋರಲ್ಲಿ ಮುಕ್ಕಾಲು ಜನ ಒತ್ತೋದು ಅದನ್ನೇ. ಎಲ್ಲಾದ್ರೂ ಒಂದು ಮೂಲೇಲಿ..."

"ಇಟ್ರೂ ರಿಪೇರಿ ಮಾಡೋರು ಯಾರಮ್ಮ? ಸ್ಕ್ರೂ ಮಾಮನ್ನ ಶುಕ್ರವಾರವೇ ಮನೆಗೆ ಕಳಿಸಾಯ್ತಲ್ಲ. ಹಳೇದು ಕೆಟ್ರೆ ಹೊಸದು ತಗೋತಾರೆ, ಬಿಡಿ."

ಇಪ್ಪತ್ತು ವರ್ಷ ಮನೆಮನೆಗೆ ಹೋಗಿ ಯಂತ್ರ ಬಿಚ್ಚಿ ಜೋಡಿಸುತ್ತಿದ್ದವರಿಗೆ ಆಫೀಸಿನಲ್ಲಿದ್ದ ಹೆಸರು ಅದು.

ಊಟದ ನಂತರ ಅವಳೇ ಕೈಯಾರೆ ತನ್ನ ಸೈಟಿನ ಹಳೆಯ ಬಟನ್ ಪಟ್ಟಿ ಕಿತ್ತು ಹೊಸದನ್ನು ಕೂರಿಸಿದಳು. ಆರನ್ನೂ ಪಕ್ಕಪಕ್ಕ ತೆರೆದು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಕಂಪ್ಯೂಟರಿನ ಮುಂದೆ ಕೂತಿದ್ದರು. ಯಂತ್ರ ಕಿವಿಯಲ್ಲಿರದೆ ಅಂಗೈಯಲ್ಲಿತ್ತು.

"ಬೆಳಗ್ಗೆಯಿಂದ ಉಸಿರೇ ಇಲ್ಲ ಕಣೆ ಇದಕ್ಕೆ."

ಕಂಪನಿಯ ಹೊಸ ಯಂತ್ರವನ್ನೂ ಅವಳು ಹಿಂದೊಮ್ಮೆ ತಂದುಕೊಟ್ಟಿದ್ದಳು. 'ನಿನ್ನ ದನಿ, ನನ್ನ ಮಗನ ದನಿ, ಪಾತ್ರೆ ಬಿದ್ದ ಸದ್ದು, ಇದರಲ್ಲಿ ಎಲ್ಲಾ ಒಂದೇ' ಎಂದು ಎರಡೇ ದಿನಕ್ಕೆ ತೆಗೆದಿಟ್ಟಿದ್ದರು. ಅತ್ತೆಯ ಕಣ್ಣೂ ಅಷ್ಟಕ್ಕಷ್ಟೇ. ಸಣ್ಣ ಅಕ್ಷರ ಕಾಣದು. ಅದಕ್ಕೇ ಅವಳು ಸೈಟಿನ ಬಟನ್ ಎಣಿಸಿ ಒತ್ತುವುದನ್ನು ಕಲಿಸಿದ್ದಳು: 'ರಿಪೇರಿ' ಎಡದಿಂದ ಮೂರನೆಯದು. ಯಾರ ಮುಖವನ್ನೂ ನೋಡದೆ ಮಾಡಿಕೊಳ್ಳಬಹುದಾದ ಕೆಲಸ ಅತ್ತೆಗೆ ಉಳಿದದ್ದು ಅದೊಂದೇ.

"ಒಂದು, ಎರಡು, ಮೂರು." ಅತ್ತೆ ಒತ್ತಿದರು.

'ನಮ್ಮ ಹಿರಿಮೆ' ತೆರೆದುಕೊಂಡಿತು. ನೀಲಿ ಬಣ್ಣ, ನಗುವ ಸಂಸಾರವೊಂದರ ಚಿತ್ರ, ಕೆಳಗೆ ಕಂಪನಿಯ ಸುದ್ದಿ ಬೇಕೆನ್ನುವವರು ಹೆಸರು ತುಂಬುವ ಚೌಕ. ಅತ್ತೆ ಅದನ್ನೇ ರಿಪೇರಿಯ ಚೌಕವೆಂದುಕೊಂಡು ಒಂದೊಂದೇ ಅಕ್ಷರ ಹುಡುಕಿ ಬರೆದರು: ಬಲಗಿವಿಯದು ನಿಂತಿದೆ, ಬೇಗ ಬನ್ನಿ, ಮನೆಯಲ್ಲೇ ಇರುತ್ತೇನೆ.

ಪರದೆಯ ಮೇಲೆ ದೊಡ್ಡದಾಗಿ 'ಧನ್ಯವಾದಗಳು' ಎಂದು ಮೂಡಿತು.

"ನೋಡಿದ್ಯಾ? ನಿನ್ನ ಕಾಯ್ಕೊಂಡು ಕೂತಿದ್ರೆ ಆಗ್ತಿತ್ತಾ ಇದು!"

"ಅತ್ತೆ, ಅವ್ರು ಬರಲ್ಲ."

"ಆಂ?"

"ಬರಲ್ಲ ಅತ್ತೆ. ಇನ್ಮೇಲೆ ಯಾರೂ..."

"ಹೂಂ, ನಾಳೆನೇ ಬರ್ತಾರೆ. ಅದಕ್ಕ್ಯಾಕೆ ಅಷ್ಟು ಬಾಯಿ ಮಾಡ್ತೀಯ?"

ಮೇಜಿನ ಮೇಲೆ ಚೀಟಿ ಇತ್ತು, ಪೆನ್ನಿತ್ತು. ಅವಳು ಪೆನ್ನು ಎತ್ತಿಕೊಂಡಳು. ಮತ್ತೆ ಮುಚ್ಚಳ ಹಾಕಿ ಇಟ್ಟಳು.

ಮರುದಿನ ಅವಳು ಕೆಲಸಕ್ಕೆ ಹೊರಟಾಗ ಅತ್ತೆ ತಲೆ ಬಾಚಿಕೊಂಡು, ಕುರ್ಚಿಯನ್ನು ಬಾಗಿಲ ಎದುರಿಗೆ ಎಳೆದು ಕೂತಿದ್ದರು. ಬೆಲ್ ಕೇಳಿಸುವುದಿಲ್ಲವಲ್ಲ, ಬಾಗಿಲನ್ನು ಅರ್ಧ ತೆರೆದೇ ಇಟ್ಟಿದ್ದರು.