ಮೇಷ್ಟ್ರ ಮನೆಯ ಮೂರಕ್ಷರ

ಭಾನುವಾರ ಮಧ್ಯಾಹ್ನ ಆ ಮನೆಯಲ್ಲಿ ಊಟಕ್ಕಿಂತ ಮೊದಲು ಅಕ್ಷರ ಬಡಿಸುತ್ತಿದ್ದರು. ಮಾವ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮನೆಯವರಿಗೂ ಬೀದಿಯವರಿಗೂ ಅವರು ಮೇಷ್ಟ್ರೇ. ಎಲ್ಲರೂ ತಟ್ಟೆಯ ಮುಂದೆ ಕುಳಿತ ಮೇಲೆ ಮೂರು ಇಂಗ್ಲಿಷ್ ಅಕ್ಷರ ಹೇಳುವರು. ಆ ಮೂರೂ ಎಲ್ಲಾದರೂ ಬರುವ ಪದವೊಂದನ್ನು ಪ್ರತಿಯೊಬ್ಬರೂ ಹೇಳಬೇಕು. ಹೇಳಲಾಗದವರು ತಟ್ಟೆ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಉಣ್ಣಬೇಕು.

ಸೊಸೆ ಮದುವೆಯಾಗಿ ಬಂದಾಗಿನಿಂದ ಭಾನುವಾರದ ಊಟ ಉಂಡಿದ್ದು ಒಲೆಯ ಪಕ್ಕದಲ್ಲೇ. ಅವಳು ಬಟ್ಟೆ ಆಲ್ಟರ್ ಮಾಡುವ ಅಂಗಡಿಯಲ್ಲಿ ದರ್ಜಿ. ಓದಿದ ಶಾಲೆಯಲ್ಲಿ ಇಂಗ್ಲಿಷ್ ಹೆಸರಿಗಷ್ಟೇ ಇತ್ತು. ಗೊತ್ತಿದ್ದ ನಾಲ್ಕು ಪದಗಳೂ ಮಾವನ ಕಣ್ಣು ತನ್ನ ಮೇಲೆ ಬಿದ್ದೊಡನೆ ಗಂಟಲಲ್ಲೇ ಕೂತುಬಿಡುತ್ತಿದ್ದವು.

"ನಮ್ಮ ಸೊಸೆ ಬಾಯಿಗೂ ಹೊಲಿಗೆ ಹಾಕ್ಕೊಂಡಿದ್ದಾಳೆ" ಎಂದು ಮೇಷ್ಟ್ರು ಹೇಳಿದರೆ ಮೊದಲು ನಗುತ್ತಿದ್ದವನು ಅವಳ ಗಂಡ.

ಆ ಮನೆಯಲ್ಲಿ ಅವಳಿಗೆ ಜೀವಕ್ಕೆ ಜೀವ ಎಂಬಂತಿದ್ದವಳು ನಾದಿನಿ ಒಬ್ಬಳೇ. ಇಬ್ಬರದೂ ಒಂದೇ ವಯಸ್ಸು. ತನಗೆ ಆಗಾಗ ಫಿಟ್ಸ್ ಬರುವುದನ್ನೂ ಅದಕ್ಕೆ ಮಾತ್ರೆ ನುಂಗುವುದನ್ನೂ ನಾದಿನಿ ಹೊರಗೆ ಯಾರಿಗೂ ಹೇಳಿರಲಿಲ್ಲ. ಅತ್ತಿಗೆಗೆ ಮಾತ್ರ, ಒಂದು ದಿನ ಬಟ್ಟೆ ಮಡಿಸುತ್ತ ಹೇಳಿ ಅತ್ತಿದ್ದಳು.

ಒಂದು ಶನಿವಾರ ಅದೇ ನಾದಿನಿ ಕಿವಿಯ ಹತ್ತಿರ ಬಂದಳು. "ಅತ್ತಿಗೆ, ನಾಳೆ ಅಪ್ಪನ ಹಳೇ ಸ್ನೇಹಿತರು ಊಟಕ್ಕೆ ಬರ್ತಾರೆ. ಅಕ್ಷರ ಯಾವುದು ಅಂತ ಗೊತ್ತಾಯ್ತು. ಎಸ್, ಎಲ್, ಟಿ. ನೀನು 'ಸ್ಲಟ್' ಅನ್ನು. ಚುರುಕಾದ ಹೆಂಗಸು ಅಂತ ಅರ್ಥ."

ಸೊಸೆಗೆ ಸ್ವರ್ಗ ಮೂರೇ ಗೇಣು. ಪಾತ್ರೆ ತೊಳೆಯುವಾಗಲೂ ಆ ಪದವನ್ನು ಬಾಯಲ್ಲಿ ಉರುಳಿಸಿದಳು.

ಮರುದಿನ ಮೇಷ್ಟ್ರ ಸ್ನೇಹಿತರ ಎದುರು ಅವಳ ಸರದಿ ಬಂತು. "ಸ್ಲಟ್" ಎಂದಳು, ಸ್ಪಷ್ಟವಾಗಿ, ತಲೆಯೆತ್ತಿ. ಗಂಡ ಮೇಜು ಬಡಿದು ನಕ್ಕ; ಬಂದವರ ಹೊಟ್ಟೆ ಕುಣಿಯತೊಡಗಿತು. ನಾದಿನಿ ತಟ್ಟೆಯೊಳಗೆ ಮುಖ ಹುದುಗಿಸಿದಳು. ನಗು ತಡೆಯುತ್ತಿದ್ದಾಳೆ ಎಂದೇ ಸೊಸೆಗೆ ಕಂಡಿತು.

"ಯಾಕೆ ನಗ್ತೀರಿ? ತಪ್ಪಾಯ್ತಾ?" ಎಂದು ಕೇಳಿದಳು.

"ಅಕ್ಷರ ಸರಿಯಾಗಿದೆಯಮ್ಮ," ಎಂದರು ಮೇಷ್ಟ್ರು, ಪಾಠ ಹೇಳುವ ದನಿಯಲ್ಲೇ. "ನಡತೆಗೆಟ್ಟವಳು ಅಂತ ಅರ್ಥ. ಪೂರ್ತಿ ಮಾರ್ಕು. ಇವತ್ತು ಇಲ್ಲೇ ಕೂತು ಊಟ ಮಾಡು."

ಅವಳು ಕೂತೇ ಉಂಡಳು. ಕೈಗೆಟಕುವಷ್ಟು ಹತ್ತಿರ ಉಪ್ಪಿನ ಡಬ್ಬಿ ಇತ್ತು. ಸಾಲ್ಟ್! ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಪದ. ತನ್ನ ಪದವನ್ನು ಬಿಟ್ಟು ಇನ್ನೊಬ್ಬಳನ್ನು ನಂಬಿದ್ದಳು.

ಅಲ್ಲಿಂದ ಮುಂದೆ ಅಂಗಡಿಗೆ ಬಂದ ಒಂದು ಬಟ್ಟೆಯನ್ನೂ ಅವಳು ಓದದೆ ಬಿಡಲಿಲ್ಲ. ಕಾಲರ್ ಪಟ್ಟಿಯ ಮೇಲಿನ ಪದ, ಒಗೆಯುವ ಸೂಚನೆ, ದಾರದ ಡಬ್ಬಿ, ಗುಂಡಿಯ ಪೊಟ್ಟಣ, ಎಲ್ಲವನ್ನೂ ಅಕ್ಷರ ಅಕ್ಷರವಾಗಿ ಬಿಚ್ಚಿ ನೋಡುವಳು. ಒಂದು ಪದದ ಅಕ್ಷರಗಳನ್ನು ಹಿಡಿದು ಅದೇ ಅಕ್ಷರಗಳಿರುವ ಇನ್ನೊಂದನ್ನು ಹುಡುಕುವಳು. ಅಂಗಡಿಯ ಯಜಮಾನಿ, "ಏನಮ್ಮಾ, ಪ್ಯಾಂಟಿನ ಜೊತೆ ಮಾತಾಡ್ತೀಯಲ್ಲ!" ಎಂದು ಹಾಸ್ಯ ಮಾಡಿದರೆ ನಕ್ಕು ಸುಮ್ಮನಾಗುವಳು. ಬರಬರುತ್ತ ಭಾನುವಾರ ಅವಳ ತಟ್ಟೆ ಮೇಜಿನ ಮೇಲೇ ಉಳಿಯಿತು. ನಾದಿನಿಯ ಜೊತೆ ಮೊದಲಿನಂತೆಯೇ ಮಾತು, ನಗು. ಒಳಗಿದ್ದದ್ದು ಮಾತ್ರ ಬೂದಿ ಮುಚ್ಚಿದ ಕೆಂಡ.

ಅಷ್ಟರಲ್ಲಿ ನಾದಿನಿಗೆ ಸಂಬಂಧ ಕೂಡಿಬಂತು. ಗಂಡಿನ ಕಡೆಯವರು ಊಟಕ್ಕೆ ಬಂದರು. ಹುಡುಗ ಸಂಕೋಚದವನು, ಅವನ ತಾಯಿ ಮಾತುಗಾತಿ. ಮೇಷ್ಟ್ರಿಗೆ ತಮ್ಮ ಆಟ ತೋರಿಸುವ ಚಪಲ. "ಇವತ್ತು ನಮ್ಮ ಸೊಸೆಯೇ ಅಕ್ಷರ ಕೊಡ್ತಾಳೆ. ಹೊಲಿಗೆಯವಳಾದ್ರೂ ಈಗ ನಮ್ಮನ್ನೇ ಸೋಲಿಸ್ತಾಳೆ" ಎಂದು ಬೀಗಿದರು.

"ಎಫ್, ಟಿ, ಎಸ್" ಎಂದಳು ಸೊಸೆ.

ಹುಡುಗ "ಸಾಫ್ಟ್" ಎಂದ. ಅವನ ತಾಯಿ ಸ್ವಲ್ಪ ತಡವರಿಸಿ "ಫಸ್ಟ್" ಎಂದರು. "ನಿನ್ನದೇನಮ್ಮಾ?" ಎಂದು ಸೊಸೆಯನ್ನೇ ಕೇಳಿದರು.

ಸೊಸೆ ನಾದಿನಿಯನ್ನು ನೋಡಿದಳು. ನಾದಿನಿಗೆ ಆಗಲೇ ಅರ್ಥವಾಗಿತ್ತು. ಬೇಡ ಎಂಬಂತೆ ತಲೆ ಆಡಿಸಿದಳು.

"ಫಿಟ್ಸ್" ಎಂದಳು ಸೊಸೆ.

ಬಟ್ಟೆ ಸರಿಯಾಗಿ ಕೂರುವುದಕ್ಕೂ ಅದೇ ಮಾತಲ್ಲವೇ, ದರ್ಜಿಯ ಬಾಯಲ್ಲಿ ಬಂದದ್ದು ಸಹಜ ಎಂದು ಯಾರಾದರೂ ಬಿಟ್ಟುಬಿಡುತ್ತಿದ್ದರು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಡಿಸುತ್ತಿದ್ದ ಅತ್ತೆಯ ಕೈಯಿಂದ ಸೌಟು ಜಾರಿತು. "ಅವಳಿಗೆ ಅಂಥದ್ದೇನೂ ಇಲ್ಲ! ಯಾವ ಕಾಯಿಲೆಯೂ ಇಲ್ಲ!" ಎಂದು ಕೂಗಿಯೇಬಿಟ್ಟರು.

"ಯಾರಿಗೆ?" ಎಂದರು ಹುಡುಗನ ತಾಯಿ.

ಊಟ ಅಲ್ಲಿಗೇ ನಿಂತಿತು. ಬಂದವರು ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಟರು. ಸಂಜೆಯೊಳಗೆ ಬೇಡವೆಂಬ ಸುದ್ದಿಯೂ ಬಂತು.

ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, "ಗಿಫ್ಟ್ಸ್ ಅನ್ನಬಹುದಿತ್ತು" ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡರು.

ಸೊಸೆ ಪಾತ್ರೆ ತೊಳೆಯುತ್ತಿದ್ದಾಗ ನಾದಿನಿ ಬಂದು ಬಾಗಿಲಿಗೆ ಒರಗಿದಳು. ಅತ್ತು ಮುಖ ಊದಿತ್ತು.

"ಆವತ್ತಿನ ಸೇಡಾ?"

"ನೀನೇ ಕಲಿಸಿದ್ದಲ್ವಾ ಆ ಪದ?"

"ಕಲಿಸಿದ್ದು ನಾನೇ. ಕಲಿಸು ಅಂದಿದ್ದು ಅಣ್ಣ. ತಮಾಷೆ ಅಂದ. ಒಪ್ಪದಿದ್ರೆ ನನ್ನ ಕಾಯಿಲೆ ಸ್ನೇಹಿತರಿಗೆಲ್ಲ ಹೇಳ್ತೀನಿ ಅಂದ. ಹೆದರಿಬಿಟ್ಟೆ."

ಸೊಸೆ ನಲ್ಲಿ ನಿಲ್ಲಿಸಿ ನೆಟ್ಟಗೆ ಕೋಣೆಗೆ ಹೋದಳು. ಗಂಡ ಮಂಚದ ಮೇಲೆ ಮೊಬೈಲ್ ನೋಡುತ್ತ ಮಲಗಿದ್ದ. ಕೇಳಿದಳು. ಅವನು ತಲೆಯೆತ್ತಲೂ ಇಲ್ಲ.

"ಹೌದು, ನಾನೇ. ಈಗ ನೀನು ಮಾಡಿದ್ದರ ಮುಂದೆ ನಂದೇನು ಮಹಾ? ಆದ್ರೂ ಪದ ಚೆನ್ನಾಗಿ ಹುಡುಕಿದೆ ಕಣೇ" ಎಂದು ನಕ್ಕ.

ಇನ್ನು ಬಾಳುವುದೂ ಇವನ ಜೊತೆಗೇ, ಮಲಗುವುದೂ ಇದೇ ಕೋಣೆಯಲ್ಲೇ ಎಂಬುದು ಆಗ ಮೊದಲ ಸಲ ಅವಳಿಗೆ ಸರಿಯಾಗಿ ತಿಳಿಯಿತು. ಹಿಂದಿರುಗಿ ನಾದಿನಿಯ ಕೋಣೆಯ ಬಾಗಿಲು ತಳ್ಳಿದಳು. ನಾದಿನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ನನಗೆ ಗೊತ್ತಿರ್ಲಿಲ್ಲ ಕಣೇ," ಎಂದಳು ಸೊಸೆ. "ಗೊತ್ತಿದ್ದಿದ್ರೆ..."

ಇಷ್ಟು ದಿನ 'ನೀನು, ನಿನ್ನ' ಎಂದೇ ಮಾತಾಡುತ್ತಿದ್ದ ನಾದಿನಿ ಈ ಕಡೆ ತಿರುಗಲಿಲ್ಲ.

"ಬಾಗಿಲು ಹಾಕ್ಕೊಂಡು ಹೋಗಿ" ಎಂದಳು.